ಕಲಿತ ಹುಡುಗರೆಲ್ಲ ಬೆಂಗಳೂರಿಗೆ ಹೋಗುತ್ತಿದ್ದರೆ ಸಣ್ಣ ಮಷಿನ್ ಶಾಪ್‌ಗೆ ಕೆಲಸಗಾರರನ್ನು ಹೊಂದಿಸಿಕೊಳ್ಳುವುದು ಹೇಗೆ?

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಲೋಹದ ಬಿಡಿಭಾಗಗಳನ್ನು ಕಡೆದು ಕೊಡುವ ಇಪ್ಪತ್ತೆರಡು ಜನರ ಮಷಿನ್ ಶಾಪ್ ನಡೆಸುತ್ತಿದ್ದೀರಿ. ಹುಡುಗರು ಕೆಲಸ ಕಲಿತ ಕೂಡಲೇ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊರಡುತ್ತಾರೆ, ಮುಂದಿನ ವರ್ಷ ಆರ್ಡರ್ ಬೇರೆ ಜಾಸ್ತಿಯಾಗುತ್ತದೆ, ಎಷ್ಟು ಜನರನ್ನು ತಗೊಳ್ಳಲಿ ಅಂತ ಕೇಳಿದ್ದೀರಿ. ಹರಿಹರದ ಮಷಿನ್ ಶಾಪ್‌ಗಳಲ್ಲಿ ಬಹಳ ಕಾಲ ಸೂಪರ್‌ವೈಸರ್ ಆಗಿದ್ದವನು ನಾನು. ತಲೆ ಎಣಿಸುವುದಕ್ಕೆ ಮೊದಲು ಯಾರಿಗೆ ಯಾವ ಕೆಲಸ ಬರುತ್ತದೆ ಅನ್ನುವುದನ್ನು ಎಣಿಸಿ.

ನಮ್ಮ ಭಾಗದ ಮಾಲೀಕರಿಗೆ ಒಂದು ಅನುಕೂಲ ಇತ್ತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಪಳಗಿದ ಟರ್ನರ್, ಫಿಟ್ಟರ್‌ಗಳು ಊರ ತುಂಬ ಇದ್ದರು. ಅದು ಮುಚ್ಚಿ ಎರಡು ದಶಕವೇ ದಾಟಿತು. ಯಾರೋ ತುಂಬಿಸಿಟ್ಟ ಹಗೇವಿನ ಜೋಳ ತಿಂದಂಗೆ ನಾವು ಆ ಜನರ ಕೈಕೆಲಸದ ಮೇಲೆ ಇಷ್ಟು ವರ್ಷ ಬದುಕಿದೆವು, ಹೊಸಬರನ್ನು ತಯಾರು ಮಾಡಲಿಲ್ಲ. ಈಗ ಅವರೆಲ್ಲ ಅರವತ್ತರ ಆಸುಪಾಸಿಗೆ ಬಂದಿದ್ದಾರೆ. ಅಂಥವರೊಬ್ಬರು ನಿಮಗೆ ಸಿಕ್ಕರೆ ವಾರಕ್ಕೆ ಎರಡು ದಿನವಾದರೂ ಕರೆಸಿಕೊಳ್ಳಿ. ಉತ್ಪಾದನೆಗೆ ಹಚ್ಚಬೇಡಿ, ಕಲಿಸುವುದಕ್ಕೇ ಸಂಬಳ ಕೊಡಿ.

ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ. ಎಡಕ್ಕೆ ಹೆಸರುಗಳು, ಮೇಲೆ ಕೆಲಸಗಳು: ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕಡೆಯುವ ಯಂತ್ರ) ಓಡಿಸುವುದು, ಸೆಟ್ಟಿಂಗ್ (ಹೊಸ ಕೆಲಸಕ್ಕೆ ಯಂತ್ರ ಸಜ್ಜು ಮಾಡುವುದು), ಡ್ರಾಯಿಂಗ್ ಓದುವುದು, ಗ್ರೈಂಡಿಂಗ್, ಇನ್‌ಸ್ಪೆಕ್ಷನ್, ಡಿಸ್ಪ್ಯಾಚ್. ಪಕ್ಕದಲ್ಲಿ ಯಾರಾದರೂ ನಿಂತರೆ ಮಾಡುತ್ತಾನೆ ಅಂದರೆ 1, ಒಬ್ಬನೇ ಮಾಡುತ್ತಾನೆ ಅಂದರೆ 2, ಇನ್ನೊಬ್ಬನಿಗೆ ಕಲಿಸಬಲ್ಲ ಅಂದರೆ 3. ನಿಮ್ಮ ಶಾಪ್‌ನಲ್ಲಿ ಸೆಟ್ಟಿಂಗ್ ಕೆಳಗೆ 3 ಇರುವವನು ಒಬ್ಬನೇ ಇರುತ್ತಾನೆ ಅಂತ ನನ್ನ ಅಂದಾಜು.

ಹೊಸ ಜಾಬ್, ಅಂದರೆ ಕಡೆಯಬೇಕಾದ ಹೊಸ ಭಾಗ, ಬಂದಾಗ ಅವನ ಪಕ್ಕ ನಿಂತು ನೋಡಿ. ಜಾ ಬೋರ್ ಮಾಡಿ (ಜಾಬ್ ಹಿಡಿಯುವ ಹಿಡಿಕೆಗಳನ್ನು ಅದರ ಅಳತೆಗೆ ಕೊರೆದು), ಟೂಲ್ ಕಟ್ಟಿ, ಮೊದಲ ಪೀಸ್ ತೆಗೆದು ತೂತಿನ ಒಳ ಅಳತೆ ನೋಡಲು ಬೋರ್ ಗೇಜ್ ಹಾಕುತ್ತಾನೆ. ಅಳತೆ 0.03 ಮಿ.ಮೀ. ಕಡಿಮೆ ಬಂತು. ಯಂತ್ರಕ್ಕೆ ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಟ್ಟರೆ ಸಾಕೋ, ಇನ್ಸರ್ಟ್ (ಕತ್ತರಿಸುವ ಮೊನೆ) ಸವೆದಿದೆಯೋ, ಜಾಬ್ ಬಿಸಿಯಾಗಿದೆಯೋ ಅಂತ ತೀರ್ಮಾನ ಮಾಡುವವನು ಸೆಟ್ಟರ್. ಆಮೇಲೆ ಜಾಬ್ ಹಾಕಿ ಸೈಕಲ್ ಸ್ಟಾರ್ಟ್ ಒತ್ತುವವನು ಆಪರೇಟರ್. ಆಪರೇಟರ್ ಕೆಲವೇ ವಾರಗಳಲ್ಲಿ ತಯಾರಾಗುತ್ತಾನೆ. ಸೆಟ್ಟರ್ ಆಗಲು ವರ್ಷದ ಮೇಲೆ ಬೇಕು. ಆರ್ಡರ್ ಕೈಗೆ ಬಂದ ಮೇಲೆ ಸೆಟ್ಟರ್ ಹುಡುಕಲು ಹೊರಟರೆ ಪೀಣ್ಯದ ರೇಟು ಕೊಟ್ಟೇ ತರಬೇಕಾಗುತ್ತದೆ.

ಅದಕ್ಕೇ ಈಗಲೇ ಅಪ್ರೆಂಟಿಸ್, ಅಂದರೆ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವ ಹುಡುಗರನ್ನು, ತಗೊಳ್ಳಿ. ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳುವುದು ಕಡ್ಡಾಯ. ನಿಮ್ಮಷ್ಟು ಜನರಿದ್ದರೆ ಕಡ್ಡಾಯವಿಲ್ಲ, ಆದರೆ ತಗೊಳ್ಳಬಹುದು. ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಸ್ಟೈಪೆಂಡ್‌ನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯಲ್ಲಿ, ಕೇಂದ್ರ ಸರ್ಕಾರವೇ ಭರಿಸುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಬಂದವರಿಗೆ ಪಿಎಫ್, ಇಎಸ್‌ಐ ಕಟ್ಟುವ ಹೊರೆ ಇಲ್ಲ. ಆದರೆ ಅವರನ್ನು ಅಗ್ಗದ ಕೂಲಿಯಾಳು ಮಾಡಿಕೊಳ್ಳಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ವರ್ಷವಿಡೀ ಚಿಪ್ಸ್ ಗುಡಿಸಿದ ಹುಡುಗ ನಿಮ್ಮಲ್ಲಿ ಯಾಕೆ ಉಳಿಯುತ್ತಾನೆ?

ಹರಿಹರದ ಜಿಟಿಟಿಸಿಯನ್ನೂ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಮರೆಯಬೇಡಿ. ಅವರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷದ್ದು, ಕೊನೆಯ ವರ್ಷ ಪೂರ್ತಿ ಕಾರ್ಖಾನೆಯಲ್ಲೇ ತರಬೇತಿ. ಒಬ್ಬ ವಿದ್ಯಾರ್ಥಿಯನ್ನು ಕಳಿಸಿಕೊಡಿ ಅಂತ ಹೋಗಿ ಕೇಳಿ.

ಕಲಿಸಿದ ಮೇಲೆ ಬಿಟ್ಟು ಹೋದರೆ? ಕೆಲವರು ಹೋಗುತ್ತಾರೆ. ಒಬ್ಬ ಬೇಕಾದ ಕಡೆ ಇಬ್ಬರನ್ನು ತಗೊಳ್ಳಿ. ನಾನು ಕಂಡಂತೆ, ಮುಂದೆ ಏನಾಗುತ್ತೇನೆ ಅಂತ ಗೊತ್ತಾಗದೆ ಹೋಗುವವರೇ ಹೆಚ್ಚು. ಪೀಣ್ಯದಲ್ಲಿ ಹೆಚ್ಚು ಸಿಗುವ ದುಡ್ಡು ರೂಮಿನ ಬಾಡಿಗೆಗೆ, ಊಟಕ್ಕೆ ಆಗಿಹೋಗುತ್ತದೆ ಅಂತ ಹುಡುಗರಿಗೂ ಗೊತ್ತು. ಎಷ್ಟು ತಿಂಗಳಿಗೆ ಆಪರೇಟರ್, ಯಾವಾಗ ಸೆಟ್ಟರ್, ಆಗ ಸಂಬಳ ಎಷ್ಟು ಅನ್ನುವುದನ್ನು ಬರೆದು ಕೈಗೆ ಕೊಡಿ, ಕೊಟ್ಟ ಮಾತಿನಂತೆ ಏರಿಸಿ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳನ್ನೂ ಕರೆಯಿರಿ. ಇನ್‌ಸ್ಪೆಕ್ಷನ್, ಸಿಎನ್‌ಸಿ ಎರಡನ್ನೂ ಚೆನ್ನಾಗಿ ನಿಭಾಯಿಸುತ್ತಾರೆ. ಸ್ವಚ್ಛವಾದ ಶೌಚಾಲಯ, ಸಂಜೆ ಬಸ್ಸಿಗೆ ಹೊಂದುವ ಶಿಫ್ಟು, ಇವೆರಡನ್ನು ಮೊದಲು ಸರಿಮಾಡಿ.

ಡಿಸ್ಪ್ಯಾಚ್‌ಗೂ ಇಬ್ಬರು ಇರಲಿ. ಹೆದ್ದಾರಿ 48 ಪಕ್ಕದಲ್ಲೇ ಇದೆ, ಲಾರಿಗೆ ಬರವಿಲ್ಲ. ಆದರೆ 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ (ಜಿಎಸ್‌ಟಿಯ ಸರಕು ಸಾಗಣೆ ಪತ್ರ) ಮಾಡುವವನು ರಜೆ ಹಾಕಿದರೆ ತಯಾರಾದ ಮಾಲು ಗೇಟಿನಲ್ಲೇ ನಿಲ್ಲುತ್ತದೆ.

ಐಟಿಐಯಲ್ಲಿ ಟರ್ನರ್, ಮಷಿನಿಸ್ಟ್ ಎರಡು ವರ್ಷದ ಕೋರ್ಸು. ನಿಮಗೆ ಬೇಕಾದ ಹುಡುಗ ಈಗಾಗಲೇ ಎರಡನೇ ವರ್ಷದ ಬೆಂಚಿನಲ್ಲಿ ಕೂತಿದ್ದಾನೆ. ಫಲಿತಾಂಶ ಬರುವವರೆಗೆ ಕಾಯಬೇಡಿ, ಈಗಲೇ ಹೋಗಿ ಟರ್ನರ್ ವಿಭಾಗದ ಮೇಷ್ಟ್ರನ್ನು ಮಾತಾಡಿಸಿ. ಯಾರ ಕೈ ಚುರುಕು ಅಂತ ಅವರಿಗೆ ಗೊತ್ತಿರುತ್ತದೆ.