ಅರ್ಧ ದೇಶಕ್ಕೆ ಆಗದವರು ಅಧ್ಯಕ್ಷರಾಗುವುದು ಹೇಗೆ?

ಪ್ರಶ್ನೆ: ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಅಲ್ಲಿ ಎಲೆಕ್ಷನ್ ಬಂತೆಂದರೆ ನಮ್ಮ ಮನೆಯಲ್ಲೂ ಅದೇ ಮಾತು. ‘ಅರ್ಧ ದೇಶಕ್ಕೆ ಈತನನ್ನು ಕಂಡರೆ ಆಗಲ್ಲ, ಗೆಲ್ಲೋದು ಎಲ್ಲಿಂದ ಬಂತು’ ಎಂದು ಅಳಿಯ 2016ರಲ್ಲಿ ಹೇಳಿದ್ದರು. ಟ್ರಂಪ್ ಗೆದ್ದರು. 2020ರಲ್ಲಿ ಸೋತು 2024ರಲ್ಲಿ ಮತ್ತೆ ಗೆದ್ದರು. ಜನರನ್ನು ಹೀಗೆ ಎರಡು ಹೋಳು ಮಾಡುವ ಅಭ್ಯರ್ಥಿ ಗೆಲ್ಲುತ್ತಾರೋ ಇಲ್ಲವೋ ಎಂದು ಮುಂಚೆಯೇ ಲೆಕ್ಕ ಹಾಕಲು ದಾರಿ ಇದೆಯೆ?
– ಓದುಗರು, ಚಿಂತಾಮಣಿ

ಉತ್ತರ: ನಿಮ್ಮ ಅಳಿಯಂದಿರು ಹೇಳಿದ್ದು ಸುಳ್ಳಲ್ಲ. 2016ರಲ್ಲಿ ಓಟು ಹಾಕಿ ಬಂದವರನ್ನು ಕೇಳಿದಾಗ ನೂರಕ್ಕೆ ಸುಮಾರು 60 ಮಂದಿ ಟ್ರಂಪ್ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ ಎಂದಿದ್ದರು. ತಪ್ಪಿದ್ದು ಅದರ ಮುಂದಿನ ಲೆಕ್ಕ. ‘ಇವರು ಬೇಡ’ ಎನ್ನುವುದಕ್ಕೆ ಮತಪತ್ರದಲ್ಲಿ ಜಾಗವಿಲ್ಲ. ನಮ್ಮಲ್ಲಿ ನೋಟಾ ಇದ್ದರೂ ಅದು ಯಾರ ಮತದಿಂದಲೂ ಒಂದನ್ನು ಕಳೆಯುವುದಿಲ್ಲ. ಒಬ್ಬರ ಮೇಲಿನ ಸಿಟ್ಟು ಅವರನ್ನು ಸೋಲಿಸಬಲ್ಲ ಎದುರಾಳಿಯ ಹೆಸರಿಗೆ ಓಟಾಗಿ ಬಿದ್ದರೆ ಮಾತ್ರ ಅದಕ್ಕೆ ಬೆಲೆ. ಬೀಳುವ ಮೊದಲು ಅದು ಎಲ್ಲೆಲ್ಲಿ ಸೋರಿ ಹೋಗುತ್ತದೆ ಎಂದು ನೋಡಬೇಕು.

ಮೊದಲ ಸೋರಿಕೆ, ಎದುರಾಳಿಗಳ ನಡುವೆ ಹಂಚಿಹೋಗುವುದು. ಇದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ, ಮಾಲೂರಿನ ತನಕ ಹೋದರೆ ಸಾಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಘೋಷಣೆಯಾದ ಅಂತರ 248 ಮತ. ಮೊದಲ ಇಬ್ಬರಿಗೆ ತಲಾ 50 ಸಾವಿರ ಚಿಲ್ಲರೆ, ಮೂರನೆಯವರಾಗಿ ನಿಂತ ಪಕ್ಷೇತರರಿಗೆ 49 ಸಾವಿರ ಚಿಲ್ಲರೆ. ಗೆದ್ದವರಿಗೆ ಓಟು ಹಾಕದವರು ಮೂರರಲ್ಲಿ ಎರಡು ಪಾಲಿಗೂ ಹೆಚ್ಚು! ಆದರೂ ಗೆಲುವು ಗೆಲುವೇ. ಅಮೆರಿಕದಲ್ಲಿ ಪಕ್ಷದೊಳಗೆ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಆದದ್ದೂ ಇದೇ. 2016ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಟ್ರಂಪ್‌ಗೆ ಬಿದ್ದದ್ದು ಶೇ 32.5 ಮತ, ಸಿಕ್ಕಿದ್ದು ಪಕ್ಷದ ಅಭ್ಯರ್ಥಿಯನ್ನು ಆರಿಸಲು ಅಲ್ಲಿಂದ ಹೋಗುವ 50 ಪ್ರತಿನಿಧಿಗಳೂ. ಉಳಿದ ಮೂರನೇ ಎರಡು ಪಾಲು ಐವರಲ್ಲಿ ಚದುರಿತ್ತು. ಕಟ್ಟಾ ಬೆಂಬಲಿಗರಿರುವ, ಎಲ್ಲರಿಗೂ ಹಿಡಿಸದ ಅಭ್ಯರ್ಥಿಗೆ ಇದಕ್ಕಿಂತ ಅನುಕೂಲದ ಕಣ ಇನ್ನೊಂದಿಲ್ಲ. ‘ಅವರು ಗೆಲ್ಲಲ್ಲ ಬಿಡಿ’ ಎನ್ನುವವರು ಹೆಚ್ಚಾಗಿ ಎಡವುವುದೂ ಈ ಹಂತದಲ್ಲೇ.

ಎರಡನೆಯದು, ವಿರೋಧದ ಓಟು ಬೇಡದ ಕಡೆ ರಾಶಿ ಬೀಳುವುದು. ಅಮೆರಿಕದ ಅಧ್ಯಕ್ಷರನ್ನು ಆರಿಸುವುದು ರಾಜ್ಯಗಳಿಗೆ ಹಂಚಿರುವ 538 ಎಲೆಕ್ಟೋರಲ್ ಮತಗಳು, ಬೇಕಾದ್ದು 270. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ, ಒಂದು ರಾಜ್ಯದಲ್ಲಿ ಒಂದೇ ಓಟು ಹೆಚ್ಚು ಬಂದವರಿಗೂ ಆ ರಾಜ್ಯದ ಪಾಲು ಪೂರ್ತಿ. 2016ರಲ್ಲಿ ಕ್ಯಾಲಿಫೋರ್ನಿಯಾ ಒಂದರಲ್ಲೇ ಟ್ರಂಪ್ ಎದುರಾಳಿ ಹಿಲರಿ ಕ್ಲಿಂಟನ್ 42 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಆ ಅಂತರ ಸಾವಿರವೇ ಆಗಿದ್ದರೂ ಸಿಗುತ್ತಿದ್ದುದು ಅದೇ 55 ಎಲೆಕ್ಟೋರಲ್ ಮತ. ಅತ್ತ ಮಿಷಿಗನ್‌ನಲ್ಲಿ 10,704, ವಿಸ್ಕಾನ್ಸಿನ್‌ನಲ್ಲಿ 22,748, ಪೆನ್ಸಿಲ್ವೇನಿಯಾದಲ್ಲಿ 44,292 ಮತಗಳಿಂದ ಸೋತರು. ಮೂರೂ ಕೂಡಿದರೆ 77,744, ಮಾಲೂರು ಕ್ಷೇತ್ರವೊಂದರಲ್ಲಿ ಬಿದ್ದ ಓಟಿನ ಅರ್ಧಕ್ಕೂ ಕಡಿಮೆ. ದೇಶದ ಒಟ್ಟು ಓಟಿನಲ್ಲಿ 28 ಲಕ್ಷಕ್ಕೂ ಹೆಚ್ಚು ಮುಂದಿದ್ದವರು ಕುರ್ಚಿ ಕಳೆದುಕೊಂಡದ್ದು ಇಲ್ಲಿ.

ಮೂರನೆಯ ಸೋರಿಕೆ ಯಾರ ಕಣ್ಣಿಗೂ ಸುಲಭಕ್ಕೆ ಬೀಳುವುದಿಲ್ಲ. ಆ ವರ್ಷ ಇಬ್ಬರೂ ಬೇಡ ಎಂದವರು ಐದರಲ್ಲಿ ಒಬ್ಬರ ಹತ್ತಿರವಿದ್ದರು, ಅವರ ಓಟು ಕೊನೆಗೆ ಕ್ಲಿಂಟನ್‌ಗಿಂತ ಟ್ರಂಪ್‌ಗೇ ಹೆಚ್ಚು ಬಿತ್ತು. ಎದುರಾಳಿಯೂ ಜನಕ್ಕೆ ಬೇಡವಾಗಿದ್ದರೆ ‘ಆಗಲ್ಲ’ ಎನ್ನುವ ಅಳತೆ ಕೆಲಸಕ್ಕೆ ಬಾರದು.

ಹಾಗಂತ ಜನರನ್ನು ಒಡೆದರೆ ಗೆಲುವು ಖಚಿತ ಎಂದುಕೊಳ್ಳಬೇಡಿ. 1964ರಲ್ಲಿ ರಿಪಬ್ಲಿಕನ್ ಪಕ್ಷದ ಗೋಲ್ಡ್‌ವಾಟರ್ ತಮ್ಮ ಪಕ್ಷದ ಕಟ್ಟಾಳುಗಳ ಕಣ್ಮಣಿಯಾಗಿದ್ದರು. ಗೆದ್ದದ್ದು ಆರೇ ರಾಜ್ಯ. 1972ರಲ್ಲಿ ಇನ್ನೊಂದು ತುದಿಯ, ಡೆಮಾಕ್ರಟಿಕ್ ಪಕ್ಷದ ಮೆಕ್‌ಗವರ್ನ್‌ಗೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ. ಇಬ್ಬರ ಎದುರಿಗೂ ತಲಾ ಒಬ್ಬರೇ ಗಟ್ಟಿ ಎದುರಾಳಿ, ಅದೂ ಆಗ ಅಧಿಕಾರದಲ್ಲಿದ್ದವರು. ಸ್ವಂತ ಪಕ್ಷದ ನಡುದಾರಿಯವರೇ ಆಚೆ ನಡೆದರು. 2020 ಇನ್ನೂ ಪಾಠದಂಥ ಉದಾಹರಣೆ. ಟ್ರಂಪ್ ಮತ 2016ಕ್ಕಿಂತ ಒಂದು ಕೋಟಿಗೂ ಹೆಚ್ಚು ಏರಿ 7.4 ಕೋಟಿ ಮುಟ್ಟಿತು. ಆದರೆ ಅವರನ್ನು ಸೋಲಿಸಲೇಬೇಕೆಂದು ಹೊರಟವರೂ ಸೇರಿ ಬೈಡನ್ ಮತ 8.1 ಕೋಟಿಯಾಯಿತು. ಒಡೆಯುವ ಅಭ್ಯರ್ಥಿ ತನ್ನವರನ್ನಷ್ಟೇ ಮನೆಯಿಂದ ಎಬ್ಬಿಸುವುದಿಲ್ಲ, ಎದುರಿನವರನ್ನೂ ಎಬ್ಬಿಸುತ್ತಾರೆ. ಆಗಲೂ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರರ ಅಂತರ ಕೂಡಿದರೆ 43 ಸಾವಿರದೊಳಗೆ. ಅವು ಮೂರೂ ತಿರುಗಿದ್ದರೆ 269–269.

ಇದೆಲ್ಲ ಒಂದು ಓಟು ಹೆಚ್ಚು ಬಂದವರೇ ಗೆಲ್ಲುವ ಪದ್ಧತಿಯ ಮಾತು. ಪದ್ಧತಿ ಬದಲಾದರೆ ಅದೇ ಅಭ್ಯರ್ಥಿಯ ಹಣೆಬರಹವೂ ಬದಲು. ಫ್ರಾನ್ಸ್‌ನಲ್ಲಿ ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧ ದಾಟದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು. 2002ರಲ್ಲಿ ತೀವ್ರ ಬಲಪಂಥೀಯ ಜಾನ್ ಮರಿ ಲೆ ಪೆನ್ ಶೇ 16.86 ಮತದಿಂದಲೇ ಎರಡನೇ ಸುತ್ತಿಗೆ ಬಂದರು, ಕಾರಣ ಎಡಪಂಥೀಯರ ಓಟು ಹಲವರಲ್ಲಿ ಹಂಚಿಹೋಗಿತ್ತು. ಎರಡು ವಾರಕ್ಕೆ ಆ ಎಡಪಂಥೀಯರೇ ತಮಗಾಗದ ಬಲಪಂಥೀಯ ಅಧ್ಯಕ್ಷ ಶಿರಾಕ್‌ಗೆ ಓಟು ಒತ್ತಿ ಶೇ 82ಕ್ಕೆ ಏರಿಸಿದರು. ಸಿಟ್ಟಿಗೆ ಅಲ್ಲಿ ಎರಡನೇ ಅವಕಾಶವಿದೆ. ಆದರೆ ಆ ಗೋಡೆಯೂ ಸವೆಯುತ್ತದೆ: ಅವರ ಮಗಳು ಮರೀನ್ ಎರಡನೇ ಸುತ್ತಿನಲ್ಲಿ 2017ರಲ್ಲಿ ಶೇ 33.9, 2022ರಲ್ಲಿ ಶೇ 41.45 ಪಡೆದರು.

ಶ್ರೀಲಂಕಾದಲ್ಲಿ ಒಂದೇ ಮತಪತ್ರದಲ್ಲಿ 1, 2, 3 ಎಂದು ಬರೆಯಬಹುದು. ಯಾರಿಗೂ ಅರ್ಧ ದಾಟದಿದ್ದರೆ ಮೊದಲಿಬ್ಬರನ್ನು ಉಳಿಸಿಕೊಂಡು, ಹೊರಬಿದ್ದವರ ಮತಪತ್ರಗಳಲ್ಲಿ 2, 3 ಯಾರಿಗಿದೆ ಎಂದು ಎಣಿಸುತ್ತಾರೆ. 2024ರಲ್ಲಿ ಅನುರ ಕುಮಾರ ದಿಸ್ಸನಾಯಕೆ ಶೇ 42.31ರಲ್ಲಿ ನಿಂತಾಗ, ಅಲ್ಲಿಯ ಇತಿಹಾಸದಲ್ಲೇ ಮೊದಲ ಬಾರಿಗೆ ಎರಡನೇ ಎಣಿಕೆ ಬೇಕಾಯಿತು. ಹೊರಬಿದ್ದ ಅಭ್ಯರ್ಥಿಗಳ ಬಳಿ ಸುಮಾರು 33 ಲಕ್ಷ ಮತವಿತ್ತು. ಅದರಲ್ಲಿ ಮೊದಲಿಬ್ಬರಿಗೆ ಹರಿದು ಬಂದದ್ದು ಮೂರು ಲಕ್ಷದೊಳಗೆ. ಎದುರಾಳಿ ಸಜಿತ್ ಪ್ರೇಮದಾಸರಿಗೇ ಹೆಚ್ಚು ಸಿಕ್ಕಿತು, ಆದರೂ ಸಾಲಲಿಲ್ಲ. ಬಹುತೇಕರು ಒಂದನ್ನು ಮಾತ್ರ ಗುರುತಿಸಿ ಬಂದಿದ್ದರು. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಮತದಾರರು ಅದನ್ನು ಬಳಸಬೇಕು.

ಹಾಗಾಗಿ ಮುಂದಿನ ಸಲ ಮೊದಲು ನಿಯಮ ನೋಡಿ: ಅರ್ಧ ದಾಟಬೇಕೋ, ಹೆಚ್ಚು ಬಂದರೆ ಸಾಕೋ. ಆಮೇಲೆ ಶೇ 5ಕ್ಕಿಂತ ಹೆಚ್ಚು ಓಟು ಎಳೆಯಬಲ್ಲ ಎದುರಾಳಿಗಳು ಎಷ್ಟು ಎಂದು ಎಣಿಸಿ. ಅಮೆರಿಕವಾದರೆ ದೇಶದ ಶೇಕಡಾವಾರು ಪಕ್ಕಕ್ಕಿಟ್ಟು, ಹಿಂದಿನ ಸಲ ಎರಡು ಶೇಕಡಾ ಅಂಶಕ್ಕಿಂತ ಕಡಿಮೆ ಅಂತರವಿದ್ದ ಬೆರಳೆಣಿಕೆಯ ರಾಜ್ಯಗಳನ್ನಷ್ಟೇ ಬರೆದುಕೊಂಡು ಕೂಡಿ ಕಳೆಯಿರಿ. ರ‍್ಯಾಲಿಗೆ ಸೇರಿದ ಜನ ಲೆಕ್ಕಕ್ಕಿಲ್ಲ. ಟ್ರ್ಯಾಕ್ಟರ್‌ನಲ್ಲಿ ಬಂದವರೆಲ್ಲ ಓಟು ಹಾಕಲ್ಲ ಎನ್ನುವುದನ್ನು ನಿಮಗೆ ಹೇಳಿಕೊಡಬೇಕಿಲ್ಲ.

ಪ್ರಶ್ನೆ: ಸಮೀಕ್ಷೆಗಳಲ್ಲಿ ಇಂಥ ಅಭ್ಯರ್ಥಿಗೆ ಕಡಿಮೆ ತೋರಿಸಿ, ಫಲಿತಾಂಶದಲ್ಲಿ ಹೆಚ್ಚು ಬರುವುದೇಕೆ? ಜನ ಸುಳ್ಳು ಹೇಳುತ್ತಾರೆಯೆ?
– ಓದುಗರು, ತಿಪಟೂರು

ಉತ್ತರ: ಸುಳ್ಳಿಗಿಂತ ದೊಡ್ಡ ಕಾರಣ, ಫೋನ್ ಎತ್ತದಿರುವುದು. 2016ರಲ್ಲಿ ಅಮೆರಿಕದ ಹಲವು ರಾಜ್ಯಗಳ ಸಮೀಕ್ಷೆಗಳಲ್ಲಿ ಪದವೀಧರರು ಇರಬೇಕಾದ್ದಕ್ಕಿಂತ ಹೆಚ್ಚಿದ್ದರು, ಪದವಿಯಿಲ್ಲದವರು ಕಡಿಮೆ. ಓದಿನ ಲೆಕ್ಕದಲ್ಲಿ ಅದನ್ನು ಸರಿದೂಗಿಸಲಿಲ್ಲ. ಆ ಸಲ ಓದಿನ ಮೇಲೇ ಓಟು ಒಡೆದಿದ್ದರಿಂದ ತಪ್ಪು ಒಂದೇ ಕಡೆ ವಾಲಿತು. ಇನ್ನೊಂದು, ಸಾವಿರ ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಒಬ್ಬ ಅಭ್ಯರ್ಥಿಯ ಅಂಕಿ ಮೂರು ಅಂಶ ಅತ್ತಿತ್ತ ಇರಬಹುದು. ಇಬ್ಬರ ನಡುವಿನ ಅಂತರಕ್ಕೆ ಇದು ಹೆಚ್ಚುಕಡಿಮೆ ಇಮ್ಮಡಿ. ನಾಲ್ಕು ಅಂಶದ ಮುನ್ನಡೆಯನ್ನು ಗೆಲುವೆಂದು ಓದಬೇಡಿ.

ಪ್ರಶ್ನೆ: ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಇಂಥವರು ಗೆಲ್ಲಬಹುದೆ? ನಮ್ಮ ಕಡೆಯ ಶಾಸಕರ ಓಟಿಗೆ ಎಷ್ಟು ಬೆಲೆ?
– ಓದುಗರು, ಗುಬ್ಬಿ

ಉತ್ತರ: ಊರಿನ ಹಾಲಿನ ಡೇರಿ ನೆನಪಿಸಿಕೊಳ್ಳಿ. ಸದಸ್ಯರು ನಿರ್ದೇಶಕರನ್ನು ಆರಿಸುತ್ತಾರೆ, ಅಧ್ಯಕ್ಷರನ್ನು ಆರಿಸುವುದು ನಿರ್ದೇಶಕರು. ರಾಷ್ಟ್ರಪತಿ ವಿಷಯದಲ್ಲೂ ಓಟು ಆಯ್ಕೆಯಾದ ಸಂಸದರು ಮತ್ತು ಶಾಸಕರದ್ದು. ಹಾಗಾಗಿ ಜನರ ನಡುವೆ ಅಭ್ಯರ್ಥಿ ಎಷ್ಟು ಹೋಳು ಮಾಡಿದ್ದಾರೆ ಎನ್ನುವುದು ಇಲ್ಲಿ ನೇರವಾಗಿ ತಟ್ಟುವುದಿಲ್ಲ, ಪಕ್ಷಗಳ ಬಲವೇ ಮುಖ್ಯ.

ಶಾಸಕರ ಓಟಿನ ಬೆಲೆ 1971ರ ಜನಗಣತಿಯ ಮೇಲೆ ನಿಂತಿದೆ. ಕರ್ನಾಟಕದ ಅಂದಿನ ಜನಸಂಖ್ಯೆ 2,92,99,014. ಅದನ್ನು 224 ಸ್ಥಾನಗಳಿಂದ, ಮತ್ತೆ ಸಾವಿರದಿಂದ ಭಾಗಿಸಿದರೆ 130.8, ಅಂದರೆ 131. ತುಮಕೂರು ಜಿಲ್ಲೆಯ 11 ಶಾಸಕರದ್ದು 1,441, ಕೋಲಾರದ ಆರು ಮಂದಿಯದ್ದು 786, ಚಿಕ್ಕಬಳ್ಳಾಪುರದ ಐವರದ್ದು 655. ಮೂರೂ ಸೇರಿ 2,882. 2022ರಲ್ಲಿ ಒಬ್ಬ ಸಂಸದರ ಓಟಿನ ಬೆಲೆ 700 ಇತ್ತು, ಎಂದರೆ ನಮ್ಮ 22 ಶಾಸಕರು ನಾಲ್ಕು ಸಂಸದರಿಗೆ ಹೆಚ್ಚುಕಡಿಮೆ ಸಮ.

ಗೆಲ್ಲಲು ಸಿಂಧು ಮತಮೌಲ್ಯದ ಅರ್ಧಕ್ಕಿಂತ ಹೆಚ್ಚು ಬೇಕು. ಇಲ್ಲೂ ಶ್ರೀಲಂಕಾದಂತೆ 1, 2, 3 ಎಂದು ಪ್ರಾಶಸ್ತ್ಯ ಕೊಡಬಹುದು, ಅದನ್ನು ಅಂಕಿಯಲ್ಲೇ ಬರೆಯಬೇಕು, ‘ಒಂದು’ ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ. 1 ಎಂಬ ಗುರುತೇ ಇಲ್ಲದಿದ್ದರೆ ಓಟು ಅಸಿಂಧು. ಸಂಸದರೂ ಶಾಸಕರೂ ತಪ್ಪುತ್ತಾರೆ: 2022ರಲ್ಲಿ 53 ಮತ ಅಸಿಂಧುವಾದವು. ಇಂಥವರಿಗೇ ಓಟು ಹಾಕಿ ಎನ್ನುವ ಪಕ್ಷದ ಆದೇಶ (ವಿಪ್) ಅನ್ವಯಿಸದು, ಮತದಾನ ಗುಪ್ತ. ಪಕ್ಷವೇ ಒಡೆದಾಗ ಏನಾಗುತ್ತದೆ ಎನ್ನುವುದಕ್ಕೆ 1969 ನೋಡಿ. ಆ ಜುಲೈನಲ್ಲಿ ಬೆಂಗಳೂರಿನ ಕಾಂಗ್ರೆಸ್ ಅಧಿವೇಶನದ ವೇಳೆ ಪಕ್ಷ ಆರಿಸಿದ್ದು ನೀಲಂ ಸಂಜೀವ ರೆಡ್ಡಿಯವರನ್ನು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿ ಆತ್ಮಸಾಕ್ಷಿಯ ಓಟಿಗೆ ಕರೆ ಕೊಟ್ಟರು. ಪಕ್ಷೇತರ ವಿ.ವಿ. ಗಿರಿ ಮೊದಲ ಎಣಿಕೆಯಲ್ಲಿ 4,01,515 ಪಡೆದರೂ ಬೇಕಾದ್ದು 4,18,169. ಕೆಳಗಿನವರ ಎರಡನೇ ಪ್ರಾಶಸ್ತ್ಯ ಸೇರಿ 4,20,077 ಆದಾಗಲೇ ಅವರು ರಾಷ್ಟ್ರಪತಿಯಾದದ್ದು. ಅದೇ ವರ್ಷದ ನವೆಂಬರ್‌ನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು.