ಕುಟುಂಬದೊಂದಿಗೆ ದೂರದ ಬೈಕ್ ಪ್ರಯಾಣದಲ್ಲಿ ಫ್ಯಾಂಟಸಿ ಕಾದಂಬರಿ ಬರೆಯಲು ಸಮಯ ಹೊಂದಿಸಿಕೊಳ್ಳುವುದು ಹೇಗೆ?

"ಹೆಲ್ಮೆಟ್ ಹಾಕಿಕೊಂಡ ಮೇಲೆ ಯಾರೂ ಮಾತನಾಡಿಸುವುದಿಲ್ಲ, ದಿನಕ್ಕೆ ಏಳೆಂಟು ಗಂಟೆ ಕಥೆ ಯೋಚಿಸಲು ಸಿಗುತ್ತದೆ" ಎಂದು ನಿಮ್ಮ ಪ್ರಶ್ನೆಯಲ್ಲಿ ಬರೆದಿದ್ದೀರಲ್ಲ, ಆ ಸಾಲು ಓದಿದ ಮೇಲೆ ನನಗೆ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಆರು ವರ್ಷಗಳ ಹಿಂದೆ ಇದೇ ಮಾತನ್ನು ನಾನೂ ಆಡಿದ್ದೆ. 20 ದಿನದ ದಾರಿ, ಎರಡು ಬೈಕು, ನಿಮ್ಮ ಹಿಂದೆ ತಾಯಿ, ರಾತ್ರಿಗೆ 1,000 ಪದ, ಲ್ಯಾಪ್‌ಟಾಪ್ ಒಯ್ಯಬೇಕೋ ಬೇಡವೋ ಎಂಬ ಚಿಂತೆ. ಎಲ್ಲವೂ ಹೆಚ್ಚುಕಡಿಮೆ ನನ್ನದೇ.

ನಮ್ಮದು 18 ದಿನದ ಪ್ರಯಾಣ. ಒಂದು ಬೈಕಿನಲ್ಲಿ ನನ್ನ ಗಂಡ, ಅವರ ಹಿಂದೆ 12 ವರ್ಷದ ಮಗಳು. ಇನ್ನೊಂದರಲ್ಲಿ ನಾನು, ನನ್ನ ಹಿಂದೆ ಅಪ್ಪ. ಅಪ್ಪನಿಗೆ ಆಗ 68. ನನಗೆ ಬೈಕ್ ಕಲಿಸಿದವರು ಅವರೇ. ಕೈ ನಡುಗಲು ಶುರುವಾದ ಮೇಲೆ ತಾವು ಓಡಿಸುವುದನ್ನು ಬಿಟ್ಟಿದ್ದರು. ಮನಸ್ಸು ಮಾತ್ರ ರಸ್ತೆಯ ಮೇಲೆಯೇ ಇತ್ತು. ನನ್ನ ಕಾದಂಬರಿ ಆಗ 60,000 ಪದ ದಾಟಿ, ಒಂದು ಕೋಟೆಯ ಬಾಗಿಲಲ್ಲಿ ನಿಂತುಬಿಟ್ಟಿತ್ತು. ಅದನ್ನು ದಾರಿಯಲ್ಲಿ ಬಿಡಿಸಿಕೊಳ್ಳುತ್ತೇನೆ ಎಂಬುದು ನನ್ನ ಲೆಕ್ಕ.

ನಾನು ಮಾಡಿದ ತಪ್ಪನ್ನು ಸರಿಯಾಗಿ ಹೇಳಬೇಕು, ಏಕೆಂದರೆ ಅದು ತಪ್ಪಿನಂತೆ ಕಾಣುವುದೇ ಇಲ್ಲ. ನಮ್ಮ ಹೆಲ್ಮೆಟ್‌ಗಳಲ್ಲಿ ಬ್ಲೂಟೂತ್ ಇಂಟರ್‌ಕಾಮ್ ಇತ್ತು. ಅಪ್ಪ ಹಿಂದಿನಿಂದ ಮಾತನಾಡಿದರೆ ನನ್ನ ಕಿವಿಯಲ್ಲಿ ಕೇಳುತ್ತಿತ್ತು. ಮೊದಲ ದಿನ ಅವರು ಒಂದೇ ಸಮನೆ ಮಾತನಾಡಿದರು. ನನ್ನ ಯೋಚನೆ ಪದೇ ಪದೇ ಕಡಿದುಹೋಗುತ್ತಿತ್ತು. ಎರಡನೆಯ ದಿನ ಹೊರಟು ಹತ್ತು ನಿಮಿಷವಾಗಿರಬೇಕು, ಎಡಗೈಯನ್ನು ಹೆಲ್ಮೆಟ್ಟಿನ ಬದಿಗೆ ಒಯ್ದು ಧ್ವನಿಯನ್ನು ಸೊನ್ನೆಗೆ ಇಳಿಸಿದೆ. ಸಂಪರ್ಕ ಕಡಿದಿದ್ದರೆ ಅವರ ಕಿವಿಯಲ್ಲಿ ಬೀಪ್ ಕೇಳುತ್ತಿತ್ತು, ಏನೋ ಆಯಿತೆಂದು ಅವರಿಗೆ ತಿಳಿಯುತ್ತಿತ್ತು. ನಾನು ಕಡಿಯಲಿಲ್ಲ. ಬೇಸರಪಟ್ಟುಕೊಂಡಾರು ಎಂದು ಅಂಜಿ, ಅವರಿಗೆ ಗೊತ್ತಾಗದ ದಾರಿಯನ್ನೇ ಆರಿಸಿಕೊಂಡೆ. ನನ್ನ ಮೈಕ್ ತೆರೆದೇ ಇತ್ತು. ಆಗಾಗ "ಅಪ್ಪಾ, ಸುಸ್ತಾಯಿತೇ? ಇನ್ನು ಸ್ವಲ್ಪ ದೂರ" ಎನ್ನುತ್ತಿದ್ದೆ. ಅದು ಅವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಗಾಗಿ ತಮ್ಮ ಮಾತೂ ನನಗೆ ಕೇಳುತ್ತಿದೆ ಎಂದೇ ಅವರು ನಂಬಿದ್ದರು. ಬೈಕ್ ನಿಲ್ಲಿಸುವ ಮುನ್ನ ಧ್ವನಿಯನ್ನು ಮತ್ತೆ ಏರಿಸಿಬಿಡುತ್ತಿದ್ದೆ. ಎರಡು ದಿನ ಹೀಗೇ ನಡೆಯಿತು. ಎರಡು ದಿನ ನನ್ನ ಅಪ್ಪ ನನ್ನ ಬೆನ್ನಿಗೆ ಅಂಟಿಕೊಂಡು ಕುಳಿತು, ಕೇಳಿಸಿಕೊಳ್ಳುವವರಿಲ್ಲದೆ ಮಾತನಾಡಿದರು.

ಮೂರನೆಯ ದಿನ ಮಧ್ಯಾಹ್ನ ಕೋಟೆಯ ಬಾಗಿಲು ತೆರೆಯಿತು. ಇಬ್ಬರು ಸವಾರರು ರಾತ್ರಿ ಕಳೆಯುವುದರೊಳಗೆ ಕೋಟೆಯಿಂದ ಬಂದರಿಗೆ ಸುದ್ದಿ ಮುಟ್ಟಿಸಬೇಕು, ಅದು ಹೇಗೆಂದು ಹೊಳೆದುಬಿಟ್ಟಿತು. ಖುಷಿಯಲ್ಲಿ ಒಬ್ಬಳೇ ತಲೆಯಾಡಿಸಿದೆ. ಅಷ್ಟರಲ್ಲಿ ಅಪ್ಪ ಭುಜ ತಟ್ಟಿದರು. ಹೊಳೆಯನ್ನೋ ಹಕ್ಕಿಯನ್ನೋ ತೋರಿಸುತ್ತಿದ್ದಾರೆಂದುಕೊಂಡು ಹೆಬ್ಬೆರಳು ಎತ್ತಿ ತೋರಿಸಿ ಮುಂದೆ ಸಾಗಿದೆ.

ಒಂದು ಗಂಟೆಯ ನಂತರ ನಿಲ್ಲಿಸಿದಾಗ ಹಿಂದೆ ಕಟ್ಟಿದ್ದ ಚೀಲ ಇರಲಿಲ್ಲ. ಅಪ್ಪ ನನ್ನ ಮುಖವನ್ನೇ ನೋಡಿದರು. "ಪಟ್ಟಿ ಸಡಿಲವಾಗಿದೆ, ನಿಲ್ಲಿಸು ಎಂದು ಮೂರು ಸಲ ಹೇಳಿದೆನಲ್ಲ ಮಗಳೇ. ನೀನು ತಲೆಯಾಡಿಸಿದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು. ಆ ಗೊಂದಲ ನಿಧಾನವಾಗಿ ಕರಗಿ, ಅವರಿಗೆ ವಿಷಯ ಅರ್ಥವಾದ ಗಳಿಗೆಯನ್ನು ನಾನು ಕಣ್ಣಾರೆ ನೋಡಿದೆ. ಅವರು ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟು, ಮೊಮ್ಮಗಳ ಜೊತೆ ಸ್ವಲ್ಪ ದೂರ ನಡೆದುಹೋದರು.

60 ಕಿಲೋಮೀಟರ್ ಹಿಂದಕ್ಕೆ ಹೋಗಿ ಕತ್ತಲಾಗುವವರೆಗೆ ಹುಡುಕಿದೆವು. ಸಿಕ್ಕಿದ್ದು ಒಂದು ಪಟ್ಟಿ. ಅದರ ಬಕಲ್ ಹಾಕಿದ ಹಾಗೆಯೇ ಇತ್ತು, ಪಟ್ಟಿ ಅದರೊಳಗಿಂದ ಎಳೆ ಎಳೆಯಾಗಿ ಜಾರಿ ಹೊರಬಂದಿತ್ತು. ಒಂದು ತುದಿ ರಸ್ತೆಗೆ ಉಜ್ಜಿ ಕುಂಚದಂತೆ ಸಿಬಿರಾಗಿತ್ತು. ಎಂದರೆ ಅದು ಎಷ್ಟೋ ದೂರ ಚಕ್ರದ ಪಕ್ಕದಲ್ಲೇ ನೇತಾಡಿಕೊಂಡು ಬಂದಿದೆ. ಅದು ಚೈನಿಗೋ ಕಡ್ಡಿಗಳಿಗೋ ಸುತ್ತಿಕೊಂಡಿದ್ದರೆ ಹಿಂದಿನ ಚಕ್ರ ಓಡುತ್ತಿದ್ದಂತೆಯೇ ಬಿಗಿದು ನಿಲ್ಲುತ್ತಿತ್ತು, ಅಪ್ಪ ನನ್ನ ಹಿಂದೆ ಕುಳಿತಿದ್ದಾಗ. ಆ ಕುಂಚವನ್ನು ಕೈಯಲ್ಲಿ ಹಿಡಿದ ಮೇಲೆ ಚೀಲದಲ್ಲಿದ್ದ ಲ್ಯಾಪ್‌ಟಾಪ್ ನೆನಪಿಗೇ ಬರಲಿಲ್ಲ. ಕರಡಿನ ಪ್ರತಿ ಮನೆಯಲ್ಲಿತ್ತು. ಹೋದದ್ದು ಎರಡು ವರ್ಷದ ಟಿಪ್ಪಣಿ ಪುಸ್ತಕ: ನಾನು ಕಟ್ಟಿದ ಭಾಷೆಯ ವ್ಯಾಕರಣ, ರಾಜವಂಶಗಳ ಹೆಸರು, ಕೈಯಿಂದ ಬರೆದ ನಕಾಶೆ. ಇಂದಿಗೂ ಅದಕ್ಕಾಗಿ ಸಂಕಟಪಡುತ್ತೇನೆ.

ಅದಕ್ಕಿಂತ ದೊಡ್ಡ ನಷ್ಟ ಆ ರಾತ್ರಿ ತಿಳಿಯಿತು. "ಇವತ್ತು ಬೆಳಿಗ್ಗೆ ಏನೇನು ಹೇಳಿದಿರಿ ಅಪ್ಪಾ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. 22ನೆಯ ವಯಸ್ಸಿನಲ್ಲಿ ಬೈಕನ್ನು ದೋಣಿಗೆ ಏರಿಸಿ ಒಂದು ನದಿ ದಾಟಿದ್ದರಂತೆ. ಅಂಬಿಗ ದೋಣಿ ಬಿಡುವ ಮುನ್ನ ಗಳವನ್ನು ನೀರಿಗಿಳಿಸಿ, ಅದರ ಮೇಲಿನ ತುದಿಗೆ ಕಿವಿ ಇಟ್ಟು, ತಳದಲ್ಲಿ ಕಲ್ಲುಗಳು ಉರುಳುವ ಸದ್ದು ಕೇಳುತ್ತಿದ್ದನಂತೆ. ಸದ್ದು ಜೋರಾಗಿದ್ದರೆ ಮೇಲೆ ಎಲ್ಲೋ ಮಳೆಯಾಗಿದೆ, ದೋಣಿ ಬಿಡಬಾರದು. ಅಷ್ಟೇ ಹೇಳಿ ನಿಲ್ಲಿಸಿದರು. ಆಮೇಲೇನಾಯಿತು ಎಂದರೆ, "ಏನೋ ಹೇಳಿದೆ. ಆ ನದಿಯ ತಿರುವು ನೋಡಿದಾಗ ಎಲ್ಲ ಕಣ್ಣ ಮುಂದೆ ಬಂದಿತ್ತು, ಈಗ ಬರುತ್ತಿಲ್ಲ" ಎಂದರು. ಗಂಟೆಗಟ್ಟಲೆಯ ಮಾತು ನಾಲ್ಕು ವಾಕ್ಯಕ್ಕೆ ಇಳಿದಿತ್ತು. ಎರಡು ವರ್ಷ ಕುಳಿತು ಕಟ್ಟಿದ ನನ್ನ ಲೋಕದಲ್ಲಿ ಗಳಕ್ಕೆ ಕಿವಿ ಇಡುವ ಒಬ್ಬ ಅಂಬಿಗನೂ ಇರಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಮನೆಯವರು ಅಡ್ಡಿಯಾಗದಂತೆ ಬರೆಯುವುದು ಹೇಗೆ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಆ ಪ್ರಶ್ನೆಯೇ ತಪ್ಪು. ಪ್ರಯಾಣದಲ್ಲಿ ಕಾದಂಬರಿ ಬರೆಯಬೇಡಿ. ಲ್ಯಾಪ್‌ಟಾಪ್ ಬೇಡ. 1,000 ಪದದ ಗುರಿಯೂ ಬೇಡ. ದಿನವಿಡೀ ಓಡಿಸಿದ ಮೈಗೆ ರಾತ್ರಿ ಬೇಕಾಗುವುದು ನಿದ್ದೆ. ನಿದ್ದೆಗೆಟ್ಟು 1,000 ಪದ ಬರೆದರೆ ಮರುದಿನ ಅದರ ಬೆಲೆ ತೆರುವವರು ನಿಮ್ಮ ಹಿಂದೆ ಕುಳಿತವರು.

ಓಡಿಸುತ್ತಾ ಕಥೆ ಕಟ್ಟುವುದಂತೂ ಬೇಡವೇ ಬೇಡ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬೈಕು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಒಂದು ಪಾತ್ರಕ್ಕೆ ಹೆಸರು ಯೋಚಿಸಲು ಐದು ಸೆಕೆಂಡು ಹಿಡಿದರೆ 110 ಮೀಟರ್ ರಸ್ತೆಯನ್ನು ನೀವು ನೋಡಿಯೇ ಇಲ್ಲ ಎಂದಾಯಿತು. ನನಗೆ ಅಪಘಾತವಾಗಲಿಲ್ಲ. ಅದು ಅದೃಷ್ಟ, ನನ್ನ ಜಾಣತನವೇನೂ ಅಲ್ಲ.

ಪ್ರಯಾಣದಿಂದ ಸ್ಫೂರ್ತಿ ಬರುತ್ತದೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಬರುವುದು ಅಳತೆ. ನನಗೆ ಹೊಳೆದಿದ್ದ ಆ ದಿವ್ಯ ಉಪಾಯದಲ್ಲಿ ಇಬ್ಬರು ಸವಾರರು ಒಂದೇ ರಾತ್ರಿಯಲ್ಲಿ, ಅವೇ ಕುದುರೆಗಳ ಮೇಲೆ 300 ಕಿಲೋಮೀಟರ್ ದಾಟಿ, ಬೆಳಿಗ್ಗೆ ಕತ್ತಿ ಹಿರಿದು ಕಾದಾಡುತ್ತಾರೆ. ಅದರ ಹಿಂದಿನ ದಿನವೇ ಒಳ್ಳೆಯ ರಸ್ತೆಯಲ್ಲಿ, ಮೆತ್ತನೆಯ ಸೀಟಿನ ಮೇಲೆ ನಾವು 300 ಕಿಲೋಮೀಟರ್ ಬಂದಿದ್ದೆವು. ಇಳಿದ ಮೇಲೆ ಅಪ್ಪ ಮೊಣಕಾಲು ನೆಟ್ಟಗೆ ಮಾಡಲು ಹತ್ತು ನಿಮಿಷ ಬೇಕಾಗಿತ್ತು. ದಿನಗಟ್ಟಲೆ ನಡೆಯಬೇಕಾದ ಕುದುರೆ ದಿನಕ್ಕೆ 40ರಿಂದ 50 ಕಿಲೋಮೀಟರ್ ಹೋದರೆ ಹೆಚ್ಚು, ಕಾಲ್ನಡಿಗೆಯವರು 25ರಿಂದ 30. ನಿಮ್ಮ ನಕಾಶೆಯನ್ನು ಈ ಲೆಕ್ಕದಿಂದ ಅಳೆದು ನೋಡಿ, ಅರ್ಧ ಕಥೆ ಬದಲಾಗುತ್ತದೆ.

ಬೆಟ್ಟ ಹತ್ತುವಾಗ ಬೆರಳುಗಳನ್ನು ಗಮನಿಸಿ. ಸುಮಾರು 1,000 ಮೀಟರ್ ಮೇಲಕ್ಕೆ ಹೋದರೆ ಉಷ್ಣಾಂಶ ಆರೇಳು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, ಮೇಲೆ ಎದುರುಗಾಳಿ ಬೇರೆ. ಕ್ಲಚ್ ಹಿಡಿಯಲಾಗದಂತೆ ಮರಗಟ್ಟಿದ ಬೆರಳಿನಿಂದ ಕಡಿವಾಣ ಹೇಗೆ ಹಿಡಿಯುವುದು, ಬಿಲ್ಲು ಹೇಗೆ ಎಳೆಯುವುದು? ತೇವದ ಗಾಳಿ ಬಂದು ಬಡಿಯುವ ಬದಿಯಲ್ಲಿ ಮಳೆ ಸುರಿಯುತ್ತದೆ. ಶಿಖರ ದಾಟಿ ಇಳಿದರೆ ಆಚೆ ಬದಿ ಒಣಗಿರುತ್ತದೆ. ನನ್ನ ನಕಾಶೆಯಲ್ಲಿ ಬೆಟ್ಟಸಾಲಿನ ಎರಡೂ ಕಡೆ ದಟ್ಟ ಕಾಡಿತ್ತು. ಇನ್ನೊಂದು ವಿಷಯ: ನನ್ನ ಕಾದಂಬರಿಯ ಪಯಣಿಗರು ಸದಾ ಭವಿಷ್ಯವಾಣಿಯ ಬಗ್ಗೆ ಜಗಳವಾಡುತ್ತಿದ್ದರು. ದಣಿದವರು ಹಾಗೆ ಜಗಳವಾಡುವುದಿಲ್ಲ. ನಾವು ನಾಲ್ವರು ಒಂದು ದಿನ ಮಾತು ಬಿಟ್ಟದ್ದು ಒಣಗಿದ ಕಾಲುಚೀಲ ಯಾರ ಚೀಲದಲ್ಲಿದೆ ಎಂಬ ವಿಷಯಕ್ಕೆ.

ಜೊತೆಗೆ ಒಯ್ಯಬೇಕಾದದ್ದು ಒಂದು ಕಿರುಪುಸ್ತಕ, ಒಂದು ಪೆನ್ಸಿಲ್. ಪೆನ್ಸಿಲ್ ಬರಹ ನೀರು ತಾಗಿದರೂ ಕದಡುವುದಿಲ್ಲ. ಪುಸ್ತಕ ಚೀಲದಲ್ಲಿರಬಾರದು, ಜಾಕೆಟ್ಟಿನ ಒಳಜೇಬಿನಲ್ಲಿ, ಜಿಪ್ ಹಾಕಿ. ಸುಮಾರು ಒಂದೂವರೆ ಗಂಟೆಗೊಮ್ಮೆ ಹೇಗೂ ನಿಲ್ಲಿಸಲೇಬೇಕು, ತಾಯಿಗಾಗಿಯಾದರೂ. ಆಗ ನಾಲ್ಕು ಸಾಲು ಬರೆಯಿರಿ. ರಾತ್ರಿ ಪುಟಗಳ ಫೋಟೊ ತೆಗೆದಿಡಿ. ಚೀಲ ಕಟ್ಟಿ ಹೊರಟ ಮೇಲೆ ಮೊದಲ 20 ಕಿಲೋಮೀಟರಿಗೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೊಮ್ಮೆ ಬಿಗಿಯಿರಿ, ಸಾಮಾನು ಕುಲುಕಿ ಕುಳಿತುಕೊಂಡಂತೆ ಪಟ್ಟಿ ಸಡಿಲವಾಗುತ್ತದೆ. ಉಳಿದ ತುದಿಗಳನ್ನು ಒಳಕ್ಕೆ ಸಿಕ್ಕಿಸಿ ಗಂಟು ಹಾಕಿ. ಇಬ್ಬರು ಕುಳಿತು ಸಾಮಾನನ್ನೂ ಹೇರಿದಾಗ ಟೈರಿಗೆ ಎಷ್ಟು ಗಾಳಿ ಬೇಕೆಂಬುದು ಬೈಕಿನ ಕೈಪಿಡಿಯಲ್ಲಿರುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ನೋಡಿ.

ಕಿವಿಯ ವಿಷಯದಲ್ಲಿ ನನ್ನನ್ನು ತಪ್ಪು ತಿಳಿಯಬೇಡಿ, ಇಯರ್‌ಪ್ಲಗ್ ಹಾಕಿಕೊಳ್ಳಲೇಬೇಕು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿಯ ಸದ್ದು 100 ಡೆಸಿಬೆಲ್ ಸಮೀಪಕ್ಕೆ ಹೋಗುತ್ತದೆ. ಅಷ್ಟು ಸದ್ದಿನಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಇರಬಾರದು ಎಂಬುದು ಕಿವಿಯ ಸುರಕ್ಷತೆಗೆ ಹಾಕಿದ ಮಿತಿ. ಸ್ಪಂಜಿನ ಪ್ಲಗ್ ಹಾಕಿಕೊಂಡು ಇಂಟರ್‌ಕಾಮ್ ಧ್ವನಿಯನ್ನು ಏರಿಸಿದರೆ ಗಾಳಿಯ ಸದ್ದು ತಗ್ಗಿ ಮಾತು ಸ್ಪಷ್ಟವಾಗಿ ಕೇಳುತ್ತದೆ. ಇಂಟರ್‌ಕಾಮ್ ಕೈಕೊಟ್ಟರೆ ಎಂದು ತಾಯಿಯೊಂದಿಗೆ ಸನ್ನೆಯನ್ನೂ ಮಾತಾಡಿಟ್ಟುಕೊಳ್ಳಿ: ಭುಜಕ್ಕೆ ಎರಡು ತಟ್ಟಿದರೆ ನಿಧಾನ, ಒತ್ತಿ ಹಿಡಿದರೆ ಕೂಡಲೇ ನಿಲ್ಲಿಸಬೇಕು.

ಉಳಿದ 15 ದಿನ ನಾನು ಧ್ವನಿ ತಗ್ಗಿಸಲಿಲ್ಲ. ನಾಲ್ಕನೆಯ ದಿನ ಅಪ್ಪ ಒಂದು ಮಾತೂ ಆಡಲಿಲ್ಲ. ಐದನೆಯ ದಿನ ಮಧ್ಯಾಹ್ನದ ಮೇಲೆ ನಾನೇ, "ಆ ಅಂಬಿಗ ನಿಮ್ಮ ಬೈಕನ್ನು ದೋಣಿಯಲ್ಲಿ ಎಲ್ಲಿ ನಿಲ್ಲಿಸಿದ್ದ ಅಪ್ಪಾ?" ಎಂದು ಕೇಳಿದೆ. ತುಂಬ ಹೊತ್ತಿನ ನಂತರ, "ಅಡ್ಡಕ್ಕೆ ಮಲಗಿಸಿದ್ದ" ಎಂದರು. ಮತ್ತೆ ಮಾತು ಶುರುವಾದದ್ದು ಅಲ್ಲಿಂದ. ಕಾದಂಬರಿ ಮುಗಿಯಲು ಇನ್ನೂ ಮೂರು ವರ್ಷ ಹಿಡಿಯಿತು. ಅದರಲ್ಲಿ ಈಗ ಸುದ್ದಿ ಬಂದರು ಮುಟ್ಟಲು ಏಳು ದಿನ ಬೇಕು, ನಡುವೆ ಒಂದು ನದಿ ದಾಟಬೇಕು.

ನಿಮ್ಮ ತಾಯಿ ಹೆಚ್ಚು ಮಾತನಾಡುವವರಲ್ಲ, ಹಾಗಾಗಿ ತೊಂದರೆಯಿಲ್ಲ ಎಂದು ಕೊನೆಯಲ್ಲಿ ಬರೆದಿದ್ದೀರಿ. ನನ್ನ ಅಪ್ಪ ಮನೆಯಲ್ಲಿ ದಿನಕ್ಕೆ ಹತ್ತು ಮಾತೂ ಆಡುತ್ತಿರಲಿಲ್ಲ.