ಅಟ್ಟ ಸೇರಿದ ಡಬ್ಬಿ

ಬಾಗಲಕೋಟೆ ಜಿಲ್ಲೆಯ ಈ ಓದುಗರಿಗೆ ಪತಿ ತೀರಿಕೊಂಡ ವರ್ಷವೇ ತಮಗೂ ಎಚ್‌ಐವಿ ಸೋಂಕು ಇರುವುದು ಗೊತ್ತಾಯಿತು. 11 ವರ್ಷಗಳಿಂದ ಅಣ್ಣನ ಮನೆಯಲ್ಲಿದ್ದಾರೆ. ಸೋಂಕಿತ ಮಹಿಳೆಯರ ಸಂಘದ ತಿಂಗಳ ಸಭೆಗೆ ಹೋಗತೊಡಗಿದ ಮೇಲೆ ಧೈರ್ಯ ಬಂದಿದೆ. ಹೊಸದಾಗಿ ಸೋಂಕು ಪತ್ತೆಯಾದವರು ಇವರನ್ನೇ ಹುಡುಕಿಕೊಂಡು ಬರುತ್ತಾರೆ. ಅದೇ ಕೆಲಸವನ್ನು ಗೌರವಧನದ ಮೇಲೆ ಮಾಡಲು ಸಂಘ ಈಗ ಕರೆದಿದೆ. ಊರಿಗೆ ಗೊತ್ತಾದರೆ ತನ್ನ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲವೆಂದು ಅಣ್ಣ ಬೇಡ ಎನ್ನುತ್ತಿದ್ದಾರೆ. ಒಪ್ಪಲೋ ಬಿಡಲೋ ಎಂಬುದು ಪ್ರಶ್ನೆ.

ತಂಗಿ, ನಿಮ್ಮ ಪ್ರಶ್ನೆಗಿಂತ ಪತ್ರದ ಮೂರನೆಯ ಪುಟದ ಒಂದು ಸಾಲು ನನ್ನನ್ನು ಹೆಚ್ಚು ಕಾಡಿತು. ಅಣ್ಣನ ಹೆಂಡತಿಯಾದ ವೈನಿಯ ಒಳ್ಳೆಯತನವನ್ನು ಹೊಗಳುತ್ತ, ‘ಜಾತ್ರೆಗೆ ಬೀಗರು ಬಂದಿದ್ದರು, ವೈನಿ ನನ್ನ ಗುಳಿಗಿ ಡಬ್ಬಿ ಅಟ್ಟದ ಮ್ಯಾಲೆ ಇಟ್ಟಿದ್ದರು, ನಾಕು ದಿನ ತಪ್ಪಿತು’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ವೈರಾಣುವನ್ನು ಮೈಯಿಂದ ತೊಲಗಿಸುವುದಿಲ್ಲ, ಹೆಚ್ಚದಂತೆ ತಡೆದಿಡುತ್ತದೆ. ಆ ತಡೆ ಸಡಿಲವಾದಾಗ ವೈರಾಣು ಮತ್ತೆ ಬೆಳೆದು, ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು. 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ ಔಷಧ ನಿಮ್ಮ ಮನೆಯವರೆಗೆ ಬಂದು, ಅಟ್ಟದಿಂದ ನಿಮ್ಮ ಕೈಗೆ ಇಳಿಯಲಿಲ್ಲ.

ಅಣ್ಣನದು ಹೆಣ್ಣು ಹೆತ್ತವರ ಭಯ, ಅದು ನನಗೆ ಅರ್ಥವಾಗುತ್ತದೆ. ವೈನಿಯನ್ನು ಮಾತ್ರ ನಿಮ್ಮಷ್ಟು ಸುಲಭವಾಗಿ ಕ್ಷಮಿಸಲಾರೆ. ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟವರು, ಬೀಗರು ಬಂದಾಗ ನಿಮ್ಮ ಜೀವಕ್ಕಿಂತ ಮನೆಯ ಮರ್ಯಾದೆ ದೊಡ್ಡದೆಂದುಕೊಂಡರು. ಆ ಮರ್ಯಾದೆಯನ್ನು ಕಾಯುವ ಹೊರೆ ಎಲ್ಲ ಮನೆಗಳಲ್ಲೂ ಅತ್ಯಂತ ಅಸಹಾಯಕರ ಹೆಗಲಿಗೇ ಏರುತ್ತದೆಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ.

‘ಈ ಕಾಯಿಲೆಯೇ ನನ್ನನ್ನು ಗಟ್ಟಿ ಮಾಡಿತು’ ಎಂದೂ ಬರೆದಿದ್ದೀರಿ. ಕಾಯಿಲೆಗೆ ಆ ಕೀರ್ತಿ ಬೇಡ. ಆಘಾತದ ನಂತರದ ಮಾನಸಿಕ ಬೆಳವಣಿಗೆಯನ್ನು 1990ರ ದಶಕದಲ್ಲಿ ಅಭ್ಯಸಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಟೆಡೆಸ್ಕಿ ಮತ್ತು ಕ್ಯಾಲ್‌ಹೂನ್ ಅವರ ಪ್ರಕಾರವೂ, ಮನುಷ್ಯರನ್ನು ಬೆಳೆಸುವುದು ಬಿದ್ದ ಪೆಟ್ಟಲ್ಲ, ಪೆಟ್ಟು ತಿಂದ ಮೇಲೆ ಅವರು ನಡೆಸುವ ಹೆಣಗಾಟ. ಅದಕ್ಕೆ ಮುಚ್ಚುಮರೆಯಿಲ್ಲದೆ ಮಾತನಾಡಲು ಜನ ಬೇಕು. ನಿಮಗೆ ಅಂಥ ಜನ ಸಿಕ್ಕಿದ್ದು ಸಂಘದಲ್ಲಿ, ಮನೆಯಲ್ಲಲ್ಲ.

ನೀವು ಮಾಡಬೇಕಾದದ್ದು ಒಂದೇ. ಈ ವಾರವೇ ಅಣ್ಣನನ್ನು ಕರೆದುಕೊಂಡು ಎಆರ್‌ಟಿ ಕೇಂದ್ರಕ್ಕೆ ಹೋಗಿ, ಆಪ್ತಸಮಾಲೋಚಕರೆದುರು, ಅಣ್ಣನಿಗೆ ಕೇಳಿಸುವಂತೆ, ಆ ನಾಲ್ಕು ದಿನಗಳ ಸಂಗತಿಯನ್ನು ಹೇಳಿ. ರಕ್ತದಲ್ಲಿ ವೈರಾಣು ಎಷ್ಟಿದೆಯೆಂದು ಅಳೆಯುವ ವೈರಲ್ ಲೋಡ್ ಪರೀಕ್ಷೆ ಈಗಲೇ ಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸಲಿ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆ, ಸೋಂಕಿತರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದಕ್ಕೆ ಕಡಿವಾಣ ಹಾಕಿದೆ ಎಂಬುದನ್ನೂ ಅಣ್ಣ ಅಲ್ಲಿನವರ ಬಾಯಿಂದಲೇ ಕೇಳಲಿ.

ಸಂಘದ ಕೆಲಸವನ್ನು ಒಪ್ಪಿಕೊಳ್ಳಿ, ಆದರೆ ಕೇಂದ್ರಕ್ಕೆ ಹೋಗಿ ಬಂದ ಮೇಲೆ. ಒಂದು ದಿನವೂ ಗುಳಿಗೆ ತಪ್ಪಿಸಬಾರದೆಂದು ಹೊಸಬರಿಗೆ ಹೇಳಬೇಕಾದವರು ನೀವು. ಡಬ್ಬಿ ಈಗ ಎಲ್ಲಿದೆ ಎಂಬುದನ್ನು ಪತ್ರದಲ್ಲಿ ನೀವು ಬರೆದಿಲ್ಲ.